ಸಿದ್ದಾಪುರಕ್ಕೊಂದು ಕೊನೆ ನಿಲ್ದಾಣ: 2.4 ಮೀಟರ್ ಹಲಗೆಯ ಮೇಲೆ

ಶಿವಮೊಗ್ಗ ಕಡೆಯಿಂದ ಬರುವ ಹಳಿ ತಾಳಗುಪ್ಪದಲ್ಲಿ ಮುಗಿಯುತ್ತದೆ. ಅದು ಇನ್ನಷ್ಟು ಮುಂದೆ ಸಿದ್ದಾಪುರಕ್ಕೆ ಬಂದಿದ್ದರೆ ಅಲ್ಲಿನ ಸ್ಟೇಷನ್ ಹೇಗಿರುತ್ತಿತ್ತು? ನಾನು ಮಾಡಿರುವ ಪುಟ್ಟ ಮಾದರಿ ರೈಲು ನಿಲ್ದಾಣ ಅದೇ. ಒಂದು ಪ್ಲಾಟ್‌ಫಾರ್ಮ್, ಪಕ್ಕಕ್ಕೆ ಕವಲೊಡೆದು ಮತ್ತೆ ಅದೇ ಹಳಿಗೆ ಸೇರುವ ಒಂದು ಲೂಪ್, ಅಡಿಕೆ ಮೂಟೆ ತುಂಬಲು ಒಂದೇ ಬದಿ ತೆರೆದ ಒಂದು ಗೂಡ್ಸ್ ಸೈಡಿಂಗ್, ಅಷ್ಟೇ. ಶಿರಸಿಯ ಮನೆಯ ಜಗುಲಿಯಲ್ಲಿ 1200 × 400 ಮಿ.ಮೀ.ನ ಎರಡು ಹಲಗೆ ಉದ್ದಕ್ಕೆ ಕೂರುತ್ತವೆ. ಬಲತುದಿಗೆ, ರೈಲು ಮರೆಯಾಗಿ ನಿಲ್ಲಲು, 1000 ಮಿ.ಮೀ.ನ ಇನ್ನೊಂದು ಹಲಗೆ.

ಅಳತೆ ಎಚ್‌ಒ, ಅಂದರೆ 1:87. ಲೆಕ್ಕದ ಪ್ರಕಾರ ನಮ್ಮ 1676 ಮಿ.ಮೀ. ಬ್ರಾಡ್‌ಗೇಜ್ 19.3 ಮಿ.ಮೀ. ಆಗಬೇಕು. ಎಚ್‌ಒ ಹಳಿ 16.5 ಮಿ.ಮೀ. ಮಾತ್ರ. ಪಕ್ಕದಿಂದ ನೋಡುವಾಗ ಈ ವ್ಯತ್ಯಾಸ ಕಾಣುವುದಿಲ್ಲ, ಹಾಗಾಗಿ ಸಿದ್ಧ ಹಳಿಯನ್ನೇ ಬಳಸಿದೆ.

ಇಂಥ ನಿಲ್ದಾಣದ ಜೀವ ಇರುವುದು ಇಂಜಿನ್ ಬೋಗಿ ಬಿಟ್ಟು, ಲೂಪಿನಲ್ಲಿ ಸುತ್ತಿ, ಇನ್ನೊಂದು ತುದಿಗೆ ಬಂದು ಸೇರುವುದರಲ್ಲಿ. ಆ ಜಾಗ 20 ಮಿ.ಮೀ. ಕಡಿಮೆಯಾದರೂ ಉಳಿದ ಅಂದವೆಲ್ಲ ದಂಡ. ಅದಕ್ಕೆ ಮೊದಲು ರೈಲು, ಆಮೇಲೆ ನಕ್ಷೆ. ಡಬ್ಲ್ಯೂಡಿಎಂ-3ಎ ಡೀಸೆಲ್ ಇಂಜಿನ್ 197 ಮಿ.ಮೀ., ಐಸಿಎಫ್ ಪ್ರಯಾಣಿಕರ ಬೋಗಿ 256, ಬಿಸಿಎನ್ ಸರಕು ವ್ಯಾಗನ್ 167. ಎರಡು ಬೋಗಿಗೆ 512, ಬಿಗಿಯಾಗದಿರಲು 58 ಸೇರಿಸಿ 570 ಮಿ.ಮೀ. ನಿಲುಗಡೆ. ಅದರ ಎರಡೂ ತುದಿಗೆ ಪಕ್ಕದ ಹಳಿಯ ಗಾಡಿಗೆ ತಾಗದಿರಲು ತಲಾ 90 ಮಿ.ಮೀ. ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಪಾಯಿಂಟ್ ಎರಡು, ಪ್ರತಿಯೊಂದೂ 185. ಕೊನೆಯಲ್ಲಿ ಇಂಜಿನ್ ಪಾಯಿಂಟ್ ದಾಟಿ ನಿಲ್ಲಲು 230. ಒಟ್ಟು 1350.

ಬಲ ಅಂಚಿನಿಂದ 100 ಮಿ.ಮೀ. ಬಿಟ್ಟು ಶುರು ಮಾಡಿದರೆ ಎರಡನೇ ಪಾಯಿಂಟ್ 1035ರಿಂದ 1220ರವರೆಗೆ, ಅಂದರೆ ಸರಿಯಾಗಿ 1200ರ ಹಲಗೆ ಸಂದಿನ ಮೇಲೆ ಬೀಳುತ್ತದೆ. ಸಂದಿನ ಮೇಲೆ ಪಾಯಿಂಟ್ ಇಡುವ ಹಾಗಿಲ್ಲ. ಇಡೀ ನಕ್ಷೆಯನ್ನು 400 ಮಿ.ಮೀ. ಎಡಕ್ಕೆ ತಳ್ಳಿ, ಮೂರೂ ಹಳಿ ಸಂದನ್ನು ನೇರವಾಗಿ ದಾಟುವಂತೆ ಮಾಡಿದೆ. ಪ್ಲಾಟ್‌ಫಾರ್ಮ್ ಹಳಿ ಎರಡೂ ಪಾಯಿಂಟ್‌ಗಳ ನೇರ ದಾರಿಯಲ್ಲೇ ಇದೆ. ಈ ಪಾಯಿಂಟ್‌ನ ತಿರುವು 610 ಮಿ.ಮೀ. ತ್ರಿಜ್ಯದ್ದು. ಉದ್ದ ಬೋಗಿಗಳನ್ನು ಅದರ ಮೇಲೆ ಹಿಂದಕ್ಕೆ ತಳ್ಳಿದರೆ ಬಫರ್‌ಗಳು ಒಂದಕ್ಕೊಂದು ಸಿಕ್ಕಿ ಹಳಿ ತಪ್ಪುತ್ತವೆ. ತಿರುವಿಗೆ ಹೋಗುವುದು ಇಂಜಿನ್ ಮತ್ತು ವ್ಯಾಗನ್ ಮಾತ್ರ.

ಬರುವ ರೈಲಿಗೆ ಎದುರಾಗಿ ಸೈಡಿಂಗ್ ಲೂಪಿನಿಂದ ಕವಲೊಡೆಯುತ್ತದೆ. ಬಂದ ಇಂಜಿನ್ ನೇರ ಒಳಗೆ ಹೋದರೆ ವ್ಯಾಗನ್‌ಗಳ ಹಿಂದೆ ಸಿಕ್ಕಿಬೀಳುತ್ತದೆ. ಹಾಗಾಗಿ ಮೊದಲು ಸುತ್ತಿ ಬರಬೇಕು, ಮೂರು ವ್ಯಾಗನ್ ಹಿಡಿದು ಬಲಕ್ಕೆ ಎಳೆಯಬೇಕು, ಆಮೇಲೆ ಒಳಗೆ ತಳ್ಳಬೇಕು. ಎಳೆಯಲು 700 ಮಿ.ಮೀ. ಬೇಕು, ಹಲಗೆಯಲ್ಲಿರುವುದು 500. ಉಳಿದ 200 ಮರೆಯ ಹಲಗೆಗೆ ಹೋಗುತ್ತದೆ, ಅಲ್ಲಿ ಒಂದು ಹಳಿ ಸದಾ ಖಾಲಿ ಇರಲಿ. ಶಂಟಿಂಗಿನ, ಅಂದರೆ ಗಾಡಿಗಳನ್ನು ಹಿಂದೆ ಮುಂದೆ ಎಳೆದು ಜೋಡಿಸುವುದರ, ಖುಷಿಯೆಲ್ಲ ಈ ಸುತ್ತಿನಲ್ಲೇ.

ಮೇಲ್ಮೈಗೆ 9 ಮಿ.ಮೀ.ನ ನೀರು ತಡೆಯುವ ಪ್ಲೈವುಡ್, ಕೆಳಗೆ 300 ಮಿ.ಮೀ.ಗೊಂದು ಅಡ್ಡಪಟ್ಟಿ. ವಾರ್ನಿಶ್ ಎರಡೂ ಮುಖಕ್ಕೆ, ಅಂಚಿಗೆ, ಕೊರೆದ ತೂತಿನ ಒಳಗೂ ಎರಡೆರಡು ಕೋಟ್. ಮೇಲ್ಭಾಗಕ್ಕಷ್ಟೇ ಹೊಡೆದರೆ ಮಳೆಗಾಲದಲ್ಲಿ ತಳ ತೇವ ಹೀರಿ ಹಲಗೆ ಬಾಗುತ್ತದೆ. ಹಳಿ ಹಾಸುವುದು ಫೆಬ್ರವರಿಯಿಂದ ಏಪ್ರಿಲ್ ಒಳಗೆ. ಜುಲೈನಲ್ಲಿ ಹಾಸಿದರೆ ಮರ ಆಗಲೇ ಉಬ್ಬಿರುತ್ತದೆ. ಮಾರ್ಚ್‌ನಲ್ಲಿ ಅದು ಕುಗ್ಗಿದಾಗ ಹಳಿಗೆ ಹೋಗಲು ಜಾಗವಿಲ್ಲದೆ ಸೊಟ್ಟಗಾಗುತ್ತದೆ. ಒಣ ಕಾಲದಲ್ಲಿ ಹಾಸಿದರೆ ಮಳೆಗೆ ಸಂದು ಸ್ವಲ್ಪ ಅಗಲವಾಗಬಹುದು, ಅದರಿಂದ ತೊಂದರೆಯಿಲ್ಲ. ಆದರೆ ವಿದ್ಯುತ್ತನ್ನು ಹಳಿ ಜೋಡಿಸುವ ಕ್ಲಿಪ್‌ಗೆ ನಂಬಿ ಬಿಡಬೇಡಿ. ಪ್ರತಿ ತುಂಡು ಹಳಿಗೂ ಬೇರೆ ವೈರ್ ಸೋಲ್ಡರ್ ಮಾಡಿ, ಕೆಳಗೆ 1.5 ಚ.ಮಿ.ಮೀ.ನ ಮುಖ್ಯ ವೈರಿಗೆ ಸೇರಿಸಿ.

ಹಲಗೆ ಸಂದಿನಲ್ಲಿ ಎರಡೂ ಕಡೆ ಮೂರು ಮೂರು ಪ್ಲಾಸ್ಟಿಕ್ ಸ್ಲೀಪರ್ (ಹಳಿಯಡಿಯ ಅಡ್ಡಪಟ್ಟಿ) ತೆಗೆದು, ತಾಮ್ರ ಹೊದಿಸಿದ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಪಟ್ಟಿ ಅಂಟಿಸಿ ಸ್ಕ್ರೂ ಹಾಕಿದೆ. ಹಳಿಯನ್ನು ಅದಕ್ಕೇ ಸೋಲ್ಡರ್ ಮಾಡಿ, ಹಲಗೆಗಳನ್ನು ಬೋಲ್ಟ್‌ನಿಂದ ಬಿಗಿದ ಮೇಲೆ ಹಳಿ ಕತ್ತರಿಸಿದೆ. ಮೊದಲೇ ಕತ್ತರಿಸಿ ಆಮೇಲೆ ಹೊಂದಿಸಲು ಹೋದರೆ ಎರಡು ತುದಿ ಎಂದೂ ಸೇರುವುದಿಲ್ಲ. ಪ್ರತಿ ಪಟ್ಟಿಯ ತಾಮ್ರವನ್ನು ನಡುವೆ ಗರಗಸದಿಂದ ಗೀರಿ ತುಂಡರಿಸಿ. ಮರೆತರೆ ಎರಡು ಹಳಿಯೂ ತಾಮ್ರದ ಮೂಲಕ ಶಾರ್ಟ್ ಆಗುತ್ತವೆ.

ಪಾಯಿಂಟ್‌ನ ಫ್ರಾಗ್, ಅಂದರೆ ಒಳಗಿನ ಎರಡು ಹಳಿ ಕೂಡಿ ಚೂಪಾಗುವ ಜಾಗ, ಲೋಹದ್ದೇ ಇರಲಿ. ಪ್ಲಾಸ್ಟಿಕ್ಕಿನದಾದರೆ ನಿಧಾನ ಹೋಗುವ ಇಂಜಿನ್ ಅಲ್ಲಿ ತಡವರಿಸುತ್ತದೆ, ಶಂಟಿಂಗ್ ಇರುವುದೇ ನಿಧಾನದಲ್ಲಿ. ಫ್ರಾಗ್‌ನಿಂದ ಮುಂದೆ ಹೋಗುವ ಒಳಗಿನ ಎರಡೂ ಹಳಿಗೆ ಪ್ಲಾಸ್ಟಿಕ್ ಜೋಡಣೆ ಕಡ್ಡಾಯ. ಒಂದು ಬಿಟ್ಟುಹೋದರೆ ಪಾಯಿಂಟ್ ಒಂದು ಕಡೆಗೆ ತಿರುಗಿದಾಗ ಮಾತ್ರ ಶಾರ್ಟ್ ಆಗಿ, ಕಾರಣ ಹುಡುಕುವುದರಲ್ಲೇ ಸಂಜೆ ಕಳೆಯುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯ ಆರು ಕಾಲಿನ ಸ್ಲೈಡ್ ಸ್ವಿಚ್‌ಗೆ ಉಕ್ಕಿನ ತಂತಿ ಕಟ್ಟಿ ಪಾಯಿಂಟ್ ಎಳೆಯುತ್ತೇನೆ. ಅದೇ ಸ್ವಿಚ್ ಫ್ರಾಗ್‌ನ ಧ್ರುವವನ್ನೂ ಬದಲಿಸುತ್ತದೆ. ತಂತಿಯ ನಡುವೆ ಒಂದು ಸಣ್ಣ ಬಳುಕು ಇಟ್ಟರೆ ಸ್ವಿಚ್‌ನ ಹೆಚ್ಚುವರಿ ಓಟವನ್ನು ಅದು ನುಂಗಿಕೊಳ್ಳುತ್ತದೆ.

ನೆಲಕ್ಕೆ ನಮ್ಮ ಕೆಂಪು ಮಣ್ಣಿಗಿಂತ ಒಳ್ಳೆಯ ಬಣ್ಣ ಡಬ್ಬಿಯಲ್ಲಿ ಸಿಗುವುದಿಲ್ಲ. ಆದರೆ ಹಾಗೇ ಸುರಿಯಬೇಡಿ. ಮೊದಲು ಬಾಣಲೆಯಲ್ಲಿ ಚೆನ್ನಾಗಿ ಹುರಿಯಿರಿ, ಇಲ್ಲವಾದರೆ ಮಳೆಗಾಲದಲ್ಲಿ ಬೂಸ್ಟು ಬರುತ್ತದೆ. ಮೈದಾ ಜರಡಿಯಲ್ಲಿ ಸೋಸಿ. ಆಮೇಲೆ ಕಾಗದದ ಮೇಲೆ ತೆಳ್ಳಗೆ ಹರಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆಯಸ್ಕಾಂತವನ್ನು ನಿಧಾನವಾಗಿ ಆಡಿಸಿ. ಕಪ್ಪು ಕಣಗಳು ಮೀಸೆಯಂತೆ ಅಂಟಿ ಮೇಲೆ ಬರುತ್ತವೆ. ಅದು ಕಬ್ಬಿಣದ ಅಂಶ. ಮಣ್ಣಿನಲ್ಲೇ ಉಳಿದರೆ ಇಂಜಿನ್ನಿನ ಮೋಟರ್ ಅದನ್ನು ಎಳೆದುಕೊಂಡು ಒಳಗೆ ಸವೆಯುತ್ತದೆ. ಹೊಸದೇನೂ ಅಂಟದವರೆಗೆ, ನಾಲ್ಕೈದು ಸಲ ಆಡಿಸಬೇಕು. ಒಂದು ಪಾಲು ಫೆವಿಕಾಲ್, ಎರಡು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ ಸಿರಿಂಜಿನಿಂದ ಹನಿಸಿ. ಪಾಯಿಂಟ್‌ನ ಅಲುಗಾಡುವ ಪಟ್ಟಿಯ ಹತ್ತಿರ ಅಂಟು ಹನಿಸುವುದು ಬೇಡ, ಅಲ್ಲಿ ಬಣ್ಣ ಬಳಿದರೆ ಸಾಕು.