ಒತ್ತು ಶ್ಯಾವಿಗೆ, ನಾಟಿ ಕೋಳಿ ಸಾರು

ಒತ್ತು ಶ್ಯಾವಿಗೆಗೆ ಮಾಡುವ ಕೋಳಿ ಸಾರು ತೆಳ್ಳಗಿರಬೇಕು. ಈ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಮುದ್ದೆಗೆ ಮಾಡಿದ ಗಟ್ಟಿ ಸಾರನ್ನೇ ಶ್ಯಾವಿಗೆಯ ಮೇಲೂ ಸುರಿದರೆ ಮಸಾಲೆಯೆಲ್ಲ ಮೇಲೆಯೇ ಕುಳಿತುಬಿಡುತ್ತದೆ, ಎಳೆಗಳ ನಡುವೆ ಇಳಿಯುವುದಿಲ್ಲ. ಶ್ಯಾವಿಗೆ ಸಾರನ್ನು ಹೀರಿಕೊಂಡು ತಟ್ಟೆಯ ತಳ ಒಣಗಬೇಕು, ಉಣ್ಣುವವರು ಇನ್ನೊಂದು ಸೌಟು ಕೇಳಬೇಕು.

ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಲ್ಲಿ ನೆಂಟರು ಬಂದರೆ ಈ ಅಡುಗೆಗೆ ಮೊದಲ ಮರ್ಯಾದೆ. ಶ್ಯಾವಿಗೆಯನ್ನು ನೂಪುಟ್ಟು ಎನ್ನುವ ಕೊಡಗಿನವರು, ಸೇಮಿಗೆ ಎನ್ನುವ ಕರಾವಳಿಯವರು ಕೂಡ ಅದಕ್ಕೆ ಕೋಳಿಯನ್ನೇ ಜೊತೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ನೆಂಟರು ಬರಲೆಂದು ಕಾಯುವುದಿಲ್ಲ. ಮಳೆಗಾಲದ ಭಾನುವಾರ, ಹಾಸ್ಟೆಲಿನಿಂದ ಮಕ್ಕಳು ಬಂದ ದಿನ, ಯಾರಾದರೂ ಜ್ವರದಿಂದ ಎದ್ದು ಬಾಯಿ ರುಚಿ ಕೇಳಿದ ದಿನ, ಇವೆಲ್ಲ ನಮಗೆ ಶ್ಯಾವಿಗೆಯ ದಿನಗಳೇ.

ಮೊದಲು ಸಾರು. ಆರು ಮಂದಿಗೆ ಒಂದೂವರೆ ಕಿಲೋ ಕೋಳಿ ತರುತ್ತೇನೆ. ಅಪ್ಪಟ ನಾಟಿ ಸಿಕ್ಕರೆ ಅದೇ. ಸಿಗದಿದ್ದರೆ ಗಿರಿರಾಜ ತರುತ್ತೇನೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಈ ತಳಿಯನ್ನು ಹಳ್ಳಿಯ ಹಿತ್ತಿಲುಗಳಲ್ಲೂ ಸಾಕುತ್ತಾರೆ. ಬ್ರಾಯ್ಲರ್ ಈ ಸಾರಿಗೆ ಒಗ್ಗುವುದಿಲ್ಲ. ಅದು ಬೇಗ ಬೆಂದು ಮೆತ್ತಗಾಗುತ್ತದೆ, ಸಾರಿಗೆ ಸತ್ವ ಬಿಡುವಷ್ಟು ಹೊತ್ತು ಒಲೆಯ ಮೇಲೆ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಚರ್ಮ ಸುಲಿಯಬೇಡಿ, ಪುಕ್ಕ ಕಿತ್ತು ಅರಿಸಿನ ಹಚ್ಚಿ ಸುಟ್ಟು ಕೊಡಿ ಎಂದು ಹೇಳಲೇಬೇಕು. ಆ ಸುಟ್ಟ ಚರ್ಮದ ಘಮ, ಅದರಿಂದ ಇಳಿಯುವ ಜಿಡ್ಡು ಇಲ್ಲದಿದ್ದರೆ ಅದು ನಾಟಿ ಕೋಳಿ ಸಾರೇ ಅಲ್ಲ.

ಎಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಕೋಳಿ, ಅರಿಸಿನ, ಉಪ್ಪು ಹಾಕಿ, ಅದು ಬಿಟ್ಟ ನೀರು ಇಂಗುವವರೆಗೆ ಹುರಿಯುತ್ತೇನೆ. ಆಮೇಲೆ ಬಿಸಿನೀರು ಹಾಕಿ ಮುಚ್ಚಳ ಮುಚ್ಚಿದರೆ ಬೇಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಬಲಿತ ಹುಂಜವಾದರೆ ಇನ್ನೂ ಹೆಚ್ಚು. ಮಸಾಲೆಗೆ ನಾಲ್ಕು ಚಮಚ ಧನಿಯಾ, ಹತ್ತು ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಒಂದೂವರೆ ಚಮಚ ಕಾಳುಮೆಣಸು, ಒಂದು ಗೆಡ್ಡೆ ಬೆಳ್ಳುಳ್ಳಿ, ಶುಂಠಿ, ಒಂದಿಷ್ಟು ಚಕ್ಕೆ ಲವಂಗ, ಒಂದು ಚಮಚ ಗಸಗಸೆ, ಎರಡು ಈರುಳ್ಳಿ. ಎಲ್ಲವನ್ನೂ ಬೇರೆ ಬೇರೆಯಾಗಿ ಹುರಿದು ನುಣ್ಣಗೆ ರುಬ್ಬುತ್ತೇನೆ. ಮುದ್ದೆಯ ಸಾರಿಗೆ ಅರ್ಧ ಹೋಳು ತೆಂಗಿನಕಾಯಿ ತುರಿ ಹಾಕಿದರೆ ಇಲ್ಲಿ ಒಂದು ಹಿಡಿ ಸಾಕು. ಹುರಿಗಡಲೆಯಂತೂ ಬೇಡವೇ ಬೇಡ. ಸಾರನ್ನು ಹೆಚ್ಚಾಗಿ ಗಟ್ಟಿ ಮಾಡುವುದು ಇವೆರಡೇ. ಕಾಯಿ ಕಡಿಮೆಯಾದ ಕಡೆ ಕಾಳುಮೆಣಸು ತಾನಾಗಿ ಮುಂದೆ ಬರುತ್ತದೆ. ಮಳೆಗಾಲಕ್ಕೆ ಅದೇ ಬೇಕು.

ಇನ್ನು ಶ್ಯಾವಿಗೆ. ಅಕ್ಕಿ ಹಿಟ್ಟಿಗೆ ಕುದಿಯುವ ನೀರು ಹಾಕಿ ಕಲಸಿ ಒತ್ತುವವರಿದ್ದಾರೆ. ಬೇಗ ಆಗುತ್ತದೆ, ನಿಜ. ನನಗೆ ಮಾತ್ರ ನೆನೆಸಿ ರುಬ್ಬಿದ ಅಕ್ಕಿಯದ್ದೇ ಆಗಬೇಕು, ಅದರ ಎಳೆಗೆ ಇರುವ ನುಣುಪು ಹಿಟ್ಟಿನದ್ದಕ್ಕೆ ಬರುವುದಿಲ್ಲ. ಹಳೆಯ ದಪ್ಪ ಅಕ್ಕಿ ಬೇಕು. ಹೊಸ ಅಕ್ಕಿ ಬೆಂದಾಗ ಅಂಟುತ್ತದೆ, ಎಳೆಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಒಂದು ಕಿಲೋ ಅಕ್ಕಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದು ಹಿಡಿ ಕಾಯಿತುರಿ, ಉಪ್ಪು ಸೇರಿಸಿ ಬೆರಳಿಗೆ ತರಿ ಸಿಗದಂತೆ ರುಬ್ಬುತ್ತೇನೆ. ಹಿಟ್ಟು ಉದ್ದಿನ ದೋಸೆಯದ್ದಕ್ಕಿಂತ ತೆಳ್ಳಗೆ, ನೀರುದೋಸೆಯದ್ದಕ್ಕಿಂತ ಗಟ್ಟಿಯಾಗಿ ಇರಬೇಕು.

ಇದನ್ನು ದಪ್ಪ ತಳದ ಬಾಣಲೆಗೆ ಸುರಿದು, ಒಂದು ಚಮಚ ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಸ್ವಲ್ಪ ಹೊತ್ತು ಏನೂ ಆಗುತ್ತಿಲ್ಲ ಎನ್ನಿಸುತ್ತದೆ. ಆಮೇಲೆ ತಳದಲ್ಲಿ ಗಂಟು ಕಟ್ಟಲು ಶುರುವಾಗಿ, ನೋಡನೋಡುತ್ತಲೇ ಇಡೀ ಹಿಟ್ಟು ಬಿಗಿಯುತ್ತದೆ. ಗಂಟಿಗೆ ಹೆದರಬಾರದು, ಮರದ ಸೌಟಿನಿಂದ ಒತ್ತಿ ಒತ್ತಿ ತಿರುವಿದರೆ ಅದು ಒಡೆದು ಸೇರಿಕೊಳ್ಳುತ್ತದೆ. ಬಿಳಿ ಬಣ್ಣ ತುಸು ಮಾಸಿ, ಮೇಲೆ ಹೊಳಪು ಬಂದು, ಬಾಣಲೆಯ ಅಂಚು ಬಿಟ್ಟು ಒಂದೇ ಉಂಡೆಯಾಗಿ ಉರುಳಿದಾಗ ಇಳಿಸುತ್ತೇನೆ. ಒದ್ದೆ ಕೈಯಲ್ಲಿ ಮುಟ್ಟಿದರೆ ಅಂಟಬಾರದು, ಅದೇ ಗುರುತು.

ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಿ, ಶ್ಯಾವಿಗೆ ಒತ್ತುವ ಒರಳಿನ ಬಾಯಿಗೆ ಹಿಡಿಸುವಂತೆ ಉದ್ದುದ್ದ ಉಂಡೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಹಬೆಗಿಡುತ್ತೇನೆ. ಎರಡೆರಡು ಸಲ ಬೇಯಿಸುವುದು ಏಕೆಂದು ಮಗಳು ಕೇಳುತ್ತಾಳೆ. ಗೋಧಿಗೆ ಗ್ಲುಟೆನ್ ಇದೆ, ಹಸಿ ಹಿಟ್ಟನ್ನೇ ಎಳೆ ತೆಗೆಯಬಹುದು. ಅಕ್ಕಿಗೆ ಅದಿಲ್ಲ. ಅದರ ಎಳೆಯನ್ನು ಹಿಡಿದು ನಿಲ್ಲಿಸುವುದು ಬೆಂದ ಪಿಷ್ಟ ಮಾತ್ರ. ಒಳಗೆ ಹಸಿ ಉಳಿದರೆ ಒತ್ತುವಾಗ ಎಳೆ ತುಂಡು ತುಂಡಾಗಿ ಉದುರುತ್ತದೆ. ಉಂಡೆ ಆರಿದರೂ ಕಷ್ಟವೇ, ಪಿಷ್ಟ ಬಿಗಿದುಕೊಂಡು ಒರಳಿನ ಹಿಡಿ ತಿರುಗುವುದೇ ಇಲ್ಲ.

ಆದ್ದರಿಂದ ಹಬೆ ಪಾತ್ರೆಯ ಮುಚ್ಚಳ ತೆಗೆಯುವ ಮೊದಲು ಸಾರು ಆಗಿರಬೇಕು, ತಟ್ಟೆಗಳು ಬಂದಿರಬೇಕು, ಮನೆಯವರೆಲ್ಲ ಅಡುಗೆಮನೆಯಲ್ಲಿರಬೇಕು. ನಮ್ಮದು ಮೂರು ಕಾಲಿನ ಕಬ್ಬಿಣದ ಒರಳು, ಅತ್ತೆಯ ಕಾಲದ್ದು. ನಾನು ಪಾತ್ರೆಯಿಂದ ಒಂದೊಂದೇ ಉಂಡೆ ತೆಗೆದು ಎಣ್ಣೆ ಸವರಿದ ಒರಳಿಗೆ ಹಾಕುತ್ತೇನೆ. ಮೈದುನ ಹಿಡಿ ತಿರುಗಿಸುತ್ತಾನೆ, ನಮ್ಮ ಮನೆಯವರು ಒರಳಿನ ಕಾಲುಗಳನ್ನು ಅದುಮಿ ಹಿಡಿಯುತ್ತಾರೆ. ಮಗಳು ಕೆಳಗೆ ತಟ್ಟೆ ಹಿಡಿದು ಮೆಲ್ಲಗೆ ಸುತ್ತಿಸುತ್ತಾಳೆ. ಬಿಲ್ಲೆಯ ತೂತುಗಳಿಂದ ಎಳೆಗಳು ಮಳೆಯ ಹಾಗೆ ಒಟ್ಟಿಗೆ ಇಳಿದು ಸುರುಳಿಯಾಗಿ ಕೂರುತ್ತವೆ. ಅತ್ತೆ ಸ್ಟೂಲಿನ ಮೇಲೆ ಕುಳಿತು, "ಮುಚ್ಚಳ ಮುಚ್ಚಮ್ಮಾ, ಉಳಿದವು ಆರುತ್ತವೆ" ಎಂದು ಪ್ರತಿ ಉಂಡೆಗೂ ಎಚ್ಚರಿಸುತ್ತಾರೆ. ಒಬ್ಬರೇ ಮಾಡಬಹುದಾದ ಅಡುಗೆ ಇದಲ್ಲ, ನನಗೆ ಇದರಲ್ಲಿ ಬಹಳ ಇಷ್ಟವಾಗುವುದೂ ಅದೇ. ಬೇರೆ ದಿನ ಊಟಕ್ಕೆ ಮೂರು ಸಲ ಕೂಗಬೇಕಾದವರು ಅಂದು ಒರಳಿನ ಸುತ್ತಲೇ ನಿಂತಿರುತ್ತಾರೆ.

ಒಟ್ಟಿಗೆ ಕುಳಿತು ಉಣ್ಣುತ್ತೇವೆಂದು ಎಲ್ಲವನ್ನೂ ಒತ್ತಿ ಇಡುವುದಿಲ್ಲ. ಒತ್ತಿದ್ದು ಒತ್ತಿದಂತೆ ಬಡಿಸಬೇಕು. ಮೊದಲ ತಟ್ಟೆ ಅತ್ತೆಗೆ, ಆಮೇಲೆ ಮಕ್ಕಳಿಗೆ. ಹಿಡಿ ತಿರುಗಿಸಿದವರಿಗೆ ತೊಡೆಯ ತುಂಡು ಮೀಸಲು. ಸಾರು ಕುದಿಯುವಷ್ಟು ಬಿಸಿ ಇರಬೇಕು, ಮೇಲೆ ನಿಂತ ಕೆಂಪು ಜಿಡ್ಡನ್ನೂ ಸೇರಿಸಿ ಸೌಟಿನಲ್ಲಿ ಎತ್ತಿ ಹಾಕಬೇಕು. ಕೊನೆಯ ಸುತ್ತಿಗೆ ಸಾರು ಬೇಡ, ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು. ಖಾರದ ಮೇಲೆ ಆ ಸಿಹಿ ಬೀಳದೆ ಮಕ್ಕಳು ಏಳುವುದಿಲ್ಲ.

ಉಂಡೆ ಉಳಿದರೆ ಒತ್ತುವ ಗೋಜಿಗೆ ಹೋಗುವುದಿಲ್ಲ. ರಾತ್ರಿ ಅದನ್ನೇ ಮತ್ತೆ ಹಬೆಗಿಟ್ಟು ಕಡುಬಿನಂತೆ ಮುರಿದು ಸಾರಿನಲ್ಲಿ ಅದ್ದಿಕೊಂಡು ತಿನ್ನುತ್ತೇವೆ. ಒತ್ತಿದ ಶ್ಯಾವಿಗೆ ಉಳಿದರೆ ಬೆಳಗಿನ ತಿಂಡಿಗೆ ಸಾಸಿವೆ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟು ನಿಂಬೆಹಣ್ಣು ಹಿಂಡುತ್ತೇನೆ. ಆರಿ ಬಿಗಿದ ಎಳೆ ಉದುರುದುರಾಗಿ ಬರುವುದರಿಂದ ಚಿತ್ರಾನ್ನದಂತಹ ಈ ಒಗ್ಗರಣೆಗೆ ಹಿಂದಿನ ದಿನದ ಶ್ಯಾವಿಗೆಯೇ ಮೇಲು.