ನಿಧಾನ ಯಾವ ಕೌಂಟರ್‌ನಲ್ಲಿ? ಎಂಡ್‌ಪಾಯಿಂಟ್ ಮ್ಯಾಪ್ ಓದುವುದು ಹೀಗೆ

ಆ್ಯಪ್‌ನಲ್ಲಿ ಗುಂಡಿ ಒತ್ತಿದ್ದೀರಿ, ಚಕ್ರ ಸುತ್ತುತ್ತಲೇ ಇದೆ. ಹಿಂದೆ ಹತ್ತಾರು ಸರ್ವಿಸ್‌ಗಳು. ಯಾವ ಸರ್ವಿಸ್ ಯಾವುದನ್ನು ಕರೆಯುತ್ತದೆ ಅಂತ ತೋರಿಸುವ ಸರ್ವಿಸ್ ಮ್ಯಾಪ್ ತೆರೆದರೆ ಬರೀ ಜೇಡರ ಬಲೆ. ಸರ್ವಿಸ್ ಅಂದರೆ ಇಡೀ ಕಚೇರಿ, ಎಂಡ್‌ಪಾಯಿಂಟ್ ಅಂದರೆ ಅಲ್ಲಿನ ಒಂದು ಕೌಂಟರ್. ಕ್ಯೂ ಯಾವ ಕೌಂಟರ್ ಮುಂದೆ ಅಂತ ತಾನೇ ನಮಗೆ ಬೇಕಿರುವುದು?

ಯಾವ ಕೌಂಟರ್ ಯಾವುದನ್ನು ಕರೆಯುತ್ತದೆ ಅಂತ ತೋರಿಸುವುದೇ ಎಂಡ್‌ಪಾಯಿಂಟ್ ಮ್ಯಾಪ್. ಅಪಾಚೆ ಸ್ಕೈವಾಕಿಂಗ್‌ನಂಥ ಟೂಲ್‌ಗಳು ಅದನ್ನು ತಾವೇ ಬರೆದುಕೊಡುತ್ತವೆ. ಆದರೆ ಒಮ್ಮೆ ಕೈಯಲ್ಲೇ ಬರೆದು ನೋಡಿ. ಅದಕ್ಕೆ ಯೇಗರ್ ಎಂಬ ಟ್ರೇಸಿಂಗ್ ಟೂಲ್ ಜೊತೆ ಬರುವ ಹಾಟ್‌ರಾಡ್ ಎಂಬ ಪುಟ್ಟ ಟ್ಯಾಕ್ಸಿ ಡೆಮೊ ಸಾಕು.

ಮೊದಲು ಡೆಮೊ ಓಡಿಸಿ, ಒಂದೇ ಒಂದು ಟ್ಯಾಕ್ಸಿ ಕರೆಯಿರಿ. ಯೇಗರ್‌ನಲ್ಲಿ ಅದರ ಟ್ರೇಸ್, ಅಂದರೆ ಆ ಒಂದು ಕೋರಿಕೆ ಎಲ್ಲೆಲ್ಲಿ ಹೋಗಿಬಂತು ಎಂಬ ದಾಖಲೆ, ತೆರೆಯಿರಿ. ಅದರಲ್ಲಿ ಪ್ರತಿ ಕೆಲಸವೂ ಒಂದು ಸ್ಪ್ಯಾನ್. ತನ್ನನ್ನು ಕರೆದವರ ಐಡಿ ಅದರಲ್ಲೇ ಇರುತ್ತದೆ. ಆ ಐಡಿ ಹಿಡಿದು ಗೆರೆ ಎಳೆಯುತ್ತಾ ಹೋದರೆ ಮ್ಯಾಪ್ ಸಿದ್ಧ.

ಹಾಳೆಯ ನಡುವೆ ಫ್ರಂಟ್‌ಎಂಡ್ ಸರ್ವಿಸ್‌ನ ‘ಡಿಸ್ಪ್ಯಾಚ್’ ಎಂಡ್‌ಪಾಯಿಂಟ್ ಬರೆಯಿರಿ. ಎಡಕ್ಕೆ ಅದನ್ನು ಕರೆಯುವವರು, ಬಲಕ್ಕೆ ಅದು ಕರೆಯುವವರು: ಕಸ್ಟಮರ್, ಡ್ರೈವರ್, ರೂಟ್.

ಈಗ ಗೆರೆಗಳ ಮೇಲೆ ಕಾಲ್ ಎಷ್ಟು ಅಂತ ಬರೆಯಿರಿ. ಎಲ್ಲರೂ ಮೊದಲು ಸಮಯ ನೋಡುತ್ತಾರೆ. ನಾನಂತೂ ಎಣಿಕೆಯನ್ನೇ ನೋಡುತ್ತೇನೆ. ಒಂದು ಕಾಲ್ ಒಳಗೆ ಬಂದರೆ ರೂಟ್ ಕಡೆಗೆ ಹತ್ತು ಹೋಗುತ್ತವೆ, ಡ್ರೈವರ್‌ಗೊಂದರಂತೆ. ಡ್ರೈವರ್ ಸರ್ವಿಸ್‌ನಿಂದ ರೆಡಿಸ್ ಎಂಬ ಡೇಟಾಬೇಸ್‌ಗೆ ಹತ್ತಕ್ಕಿಂತ ಜಾಸ್ತಿ ಹೋಗುವುದುಂಟು. ಟೈಮ್‌ಔಟ್ ಆದವನ್ನು ಮತ್ತೆ ಕೇಳಿರುತ್ತದೆ. ಅದೂ ಒಂದಾದ ಮೇಲೆ ಒಂದು, ಮೆಟ್ಟಿಲಿನ ಹಾಗೆ. ರೂಟ್ ಕಾಲ್‌ಗಳಾದರೋ ಮೂರು ಮೂರು ಒಟ್ಟಿಗೆ ಓಡುತ್ತವೆ. ಮ್ಯಾಪ್‌ನಲ್ಲಿ ಎರಡೂ ಒಂದೇ ಥರದ ಗೆರೆ. ವ್ಯತ್ಯಾಸ ಕಾಣುವುದು ಟ್ರೇಸ್‌ನಲ್ಲಿ ಮಾತ್ರ.

ನಿಮ್ಮ ಸ್ವಂತ ಸಿಸ್ಟಮ್‌ನಲ್ಲಿ ಎರಡು ಕಡೆ ಹುಷಾರು. ಯುಆರ್‌ಎಲ್ ಒಳಗೆ ಗ್ರಾಹಕರ ನಂಬರ್ ಇದ್ದರೆ ಒಬ್ಬೊಬ್ಬರಿಗೂ ಒಂದೊಂದು ಎಂಡ್‌ಪಾಯಿಂಟ್ ಹುಟ್ಟಿ ಮ್ಯಾಪ್ ಕೆಟ್ಟುಹೋಗುತ್ತದೆ. ಅವನ್ನೆಲ್ಲ ಒಂದೇ ಹೆಸರಿನಡಿ ಸೇರಿಸಿ. ಇನ್ನೊಂದು, ಗೆರೆ ಇಲ್ಲ ಅಂದ ಮಾತ್ರಕ್ಕೆ ನಂಟೇ ಇಲ್ಲ ಅಂತಲ್ಲ. ಸರ್ವಿಸ್‌ಗಳ ನಡುವೆ ಸಂದೇಶ ಸಾಗಿಸುವ ಮೆಸೇಜ್ ಕ್ಯೂ ದಾಟುವಾಗ ಟ್ರೇಸ್ ಐಡಿ ಬಿಟ್ಟುಹೋಗಿದ್ದರೆ ಗೆರೆ ಅಲ್ಲೇ ತುಂಡಾಗಿರುತ್ತದೆ.

ಕೊನೆಗೆ ಡೆಮೊದ ಗುಂಡಿಯನ್ನು ಪಟಪಟ ಅಂತ ಹತ್ತು ಸಲ ಒತ್ತಿ. ಈಗ ಕಸ್ಟಮರ್‌ನಿಂದ ಮೈಎಸ್‌ಕ್ಯೂಎಲ್‌ಗೆ ಹೋಗುವ ಗೆರೆ ನಿಧಾನ. (ಡೇಟಾಬೇಸ್ ನಿಜದ್ದಲ್ಲ, ಸುಮ್ನೆ ನಟನೆ.) ಕ್ವೆರಿಯೇ ಸರಿಯಿಲ್ಲ ಅಂತ ಬೈಯುವ ಮೊದಲು ಆ ಸ್ಪ್ಯಾನ್‌ನ ಲಾಗ್ ತೆರೆಯಿರಿ. ಒಂದು ಸಲಕ್ಕೆ ಒಬ್ಬರಿಗೇ ಸಿಗುವ ಒಂದೇ ಲಾಕ್‌ಗಾಗಿ ಇಷ್ಟು ಟ್ರಾನ್ಸಾಕ್ಷನ್‌ಗಳ ಹಿಂದೆ ಕಾಯುತ್ತಿದ್ದೇನೆ ಅಂತ ಅದೇ ಹೇಳುತ್ತದೆ.