ಪುಸ್ತಕ ಮುಚ್ಚಿಟ್ಟು ಮಾಡುವ ತಯಾರಿ

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಪೂರೈಕೆ ರೇಖೆಯ (ಯಾವ ಬೆಲೆಗೆ ಎಷ್ಟು ಸರಕು ಮಾರಾಟಕ್ಕೆ ಬರುತ್ತದೆ ಅಂತ ತೋರಿಸುವ ಗೆರೆ) ಪಾಠಕ್ಕೆ ಬಂದರೆ ಮಕ್ಕಳು ಚಿತ್ರ ಬರೆಯುತ್ತಾರೆ, ಬಾಣ ಹಾಕುತ್ತಾರೆ, ಅಂಕವೂ ಬರುತ್ತದೆ. ರೇಖೆಯ ಮೇಲೆ ಚಲಿಸುವುದು ಯಾವಾಗ, ರೇಖೆಯೇ ಪಲ್ಲಟವಾಗುವುದು ಯಾವಾಗ ಅಂತ ಕೇಳಿದರೆ ಸುಮ್ನೆ ನಿಲ್ಲುತ್ತಾರೆ.

ಅದಕ್ಕೇ ಪಾಠಕ್ಕೆ ಮುಂಚೆ ಪುಸ್ತಕ ಮುಚ್ಚಿಟ್ಟು ಒಂದು ಹಾಳೆ ತೆಗೆದುಕೊಳ್ಳುತ್ತೇನೆ. ಮಕ್ಕಳು ಇದರಲ್ಲಿ ಏನು ತಪ್ಪು ತಿಳಿಯಬಹುದು, ಏನು ಕೇಳಬಹುದು ಅಂತ ಬರೆಯುತ್ತೇನೆ. ನೋಟ್ಸ್‌ಗಿಂತ ಇದಕ್ಕೇ ಜಾಸ್ತಿ ಹೊತ್ತು ಬೇಕು.

ನಮ್ಮದು ಚಿಕ್ಕಮಗಳೂರು. ತರಗತಿಯಲ್ಲಿ ತೋಟದವರ ಮಕ್ಕಳೂ ಇದ್ದಾರೆ, ಲೈನ್ ಮನೆಗಳಿಂದ, ಅಂದರೆ ತೋಟದ ಕೂಲಿಕಾರರ ಸಾಲುಮನೆಗಳಿಂದ, ಬರುವವರೂ ಇದ್ದಾರೆ. ಕಾಫಿ ರೇಟಿನ ಮಾತು ಇಬ್ಬರ ಮನೆಯಲ್ಲೂ ನಡೆಯುತ್ತದೆ, ಅಲ್ವಾ? ಹಾಗಾಗಿ 1994 ಅನ್ನು ಆರಿಸಿಕೊಂಡೆ. ಆ ವರ್ಷ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಸುಟ್ಟವು. ಬೆಲೆ ಎಷ್ಟೇ ಇರಲಿ, ಅವರು ಮೊದಲಿನಷ್ಟು ಕಾಫಿ ಕೊಡುವ ಹಾಗಿರಲಿಲ್ಲ. ಅಲ್ಲಿ ರೇಖೆಯೇ ಎಡಕ್ಕೆ ಸರಿಯಿತು. ನಮ್ಮಲ್ಲಿ ಹಿಮ ಬೀಳಲಿಲ್ಲ, ಬೆಲೆ ಮಾತ್ರ ಏರಿತು. ನಾವು ನಮ್ಮ ರೇಖೆಯ ಮೇಲೇ ಮೇಲಕ್ಕೆ ಹೋದೆವು.

"ಹಾಗಾದ್ರೆ ಇಲ್ಲಿ ಬೆಳೆ ಜಾಸ್ತಿ ಆಯ್ತಾ ಸಾರ್?"

ಈ ಪ್ರಶ್ನೆ ನನ್ನ ಹಾಳೆಯಲ್ಲಿತ್ತು. ಉತ್ತರ ಕೊಟ್ಟವನು ತೋಟದ ಹುಡುಗ. ಗಿಡ ನೆಟ್ಟು ಫಸಲು ನೋಡೋಕೆ ಮೂರ್ನಾಲ್ಕು ವರ್ಷ ಬೇಕು ಅಂದ. ಹಾಸನದ ಆಲೂಗಡ್ಡೆ ಮೂರು ತಿಂಗಳಿಗೆಲ್ಲ ಕೈಗೆ ಬರುತ್ತೆ, ಯಾವುದರ ರೇಖೆ ಹೆಚ್ಚು ಕಡಿದಾಗಿರುತ್ತೆ ಅಂತ ಕೇಳಿದೆ. ಕಾಫಿಯದು ಅಂದರು, ಬೆಲೆ ಏರಿದರೂ ಬೆಳೆ ಬೇಗ ಏರಲ್ಲವಲ್ಲ. ಬೆಲೆ ಬದಲಾದರೆ ಪೂರೈಕೆ ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ ಸ್ಥಿತಿಸ್ಥಾಪಕತ್ವ ಅನ್ನುವ ಪದ ಹೇಳುವ ಮೊದಲೇ ಅವರಿಗೆ ಅದು ಅರ್ಥವಾಗಿತ್ತು.

ಹಾಳೆಯಲ್ಲಿ ಇಲ್ಲದ್ದನ್ನು ಕೇಳಿದ್ದು ಲೈನ್ ಮನೆಯ ಹುಡುಗಿ. "ರೇಟು ಏರಿದ್ರೂ ಅಮ್ಮನ ಕೂಲಿ ಯಾಕೆ ಏರಲ್ಲ ಸಾರ್?" ಪುಸ್ತಕದ ಪ್ರಕಾರ ಬೆಲೆ ಏರಿದರೆ ಕಾರ್ಮಿಕರಿಗೆ ಬೇಡಿಕೆ ಏರಬೇಕು, ಕೂಲಿಯೂ ಏರಬೇಕು. ದೊಡ್ಡ ತೋಟಗಳ ದಿನಗೂಲಿ ನಿಂತಿರುವುದು ಒಪ್ಪಂದ ಮತ್ತು ಸರ್ಕಾರದ ಕನಿಷ್ಠ ವೇತನದ ಮೇಲೆ. ಕಾಫಿ ರೇಟಿನ ಜೊತೆ ಅದು ದಿನಾ ಏರಿಳಿಯಲ್ಲ. ಇಷ್ಟು ಹೇಳಿದಾಗ ಅವಳೇ ಮುಂದುವರಿಸಿದಳು: ಕುಯ್ಲಿನ ಹೊತ್ತಲ್ಲಿ ಆಳು ಸಿಗದಿದ್ದರೆ ಕೆಜಿ ಲೆಕ್ಕದ ಕೂಲಿ ಏರುತ್ತೆ. ಮಾರುಕಟ್ಟೆಯ ಕೂಲಿ, ನಿಗದಿಯಾದ ಕೂಲಿ ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದೆ.

ಎಂ.ಎ.ಯಲ್ಲಿ ಓದಿದ ಕಾರ್ಮಿಕ ಅರ್ಥಶಾಸ್ತ್ರ ಅವತ್ತು ಕೈ ಹಿಡಿಯಿತು. ನಾನು ಹೋದ ತರಬೇತಿಗಳಲ್ಲಿ ಪ್ರಶ್ನೆಪತ್ರಿಕೆಯ ನೀಲನಕ್ಷೆಗೆ (ಯಾವ ಪಾಠಕ್ಕೆ ಎಷ್ಟು ಅಂಕ ಅನ್ನುವ ಪಟ್ಟಿ) ಕೊಟ್ಟಷ್ಟು ಹೊತ್ತನ್ನು ವಿಷಯಕ್ಕೆ ಕೊಡಲಿಲ್ಲ. ನಮಗೆ ಬೇಕಿರುವುದು ವಿಷಯದ ತರಬೇತಿ. ಸದ್ಯಕ್ಕೆ ಅಕ್ಕಪಕ್ಕದ ಕಾಲೇಜಿನ ಗೆಳೆಯರ ಜೊತೆ ಕೂತು ಹಾಳೆಗಳನ್ನು ಹಂಚಿಕೊಳ್ಳುತ್ತೇವೆ. ಮುಂದಿನ ಸಲ ಬ್ಯಾಂಕುಗಳ ಸಾಲ ಸೃಷ್ಟಿಯ ಪಾಠ.